ಡಬ್ಬಿಯ ಹುಳಕ್ಕೆ ಅವಸರ ಜಾಸ್ತಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗ್ಗೆ ಗಾಳ ಹಾಕಲು ಹೋಗುವುದಿದ್ದರೆ ಹಿಂದಿನ ರಾತ್ರಿ ನಾನು ತಪ್ಪದೆ ಒಂದು ಕೆಲಸ ಮಾಡುತ್ತೇನೆ. ಹುಳದ ಡಬ್ಬಿ ಹೊರಗೆ ತೆಗೆದು, ಮುಚ್ಚಳ ಸರಿಸಿ, ಮೂಸಿ ನೋಡುತ್ತೇನೆ. ಒಣ ಬೂಸಾದ ವಾಸನೆ ಬಂದರೆ ನೆಮ್ಮದಿ. ಮೂಗಿಗೆ ಚುರ್ ಅನ್ನುವ ಅಮೋನಿಯಾ ವಾಸನೆ ಬಂದರೆ ಮಲಗುವ ಮುಂಚೆ ಇನ್ನೂ ಕೆಲಸ ಇದೆ ಅಂತ ಅರ್ಥ.

ಇವತ್ತಿನ ಮಾತು ಆ ಡಬ್ಬಿಯದ್ದೇ. ಗಾಳಕ್ಕೆ ಎರೆಯಾಗಿ ಸಿಕ್ಕಿಸುವ ಜೀವಂತ ಮರಿಹುಳಗಳನ್ನು ಹೇಗೆ ನೋಡಿ ಕೊಳ್ಳಬೇಕು, ಕೊಂಡ ಮೇಲೆ ಹೇಗೆ ಕಾಪಾಡಿಕೊಳ್ಳಬೇಕು ಅನ್ನುವುದು.

ಎರೆಹುಳು ಸಾಯುವವರೆಗೂ ಎರೆಹುಳುವೇ. ಆದರೆ ನಾವು ಡಬ್ಬಿಯಲ್ಲಿ ತರುವ ಈ ಬಿಳಿ ಹುಳ ಒಂದು ಮರಿ. ನೊಣದ ಮರಿಯೋ, ಪತಂಗದ ಮರಿಯೋ, ಜೀರುಂಡೆಯ ಮರಿಯೋ. ಅದಕ್ಕೆ ರೆಕ್ಕೆ ಬರಬೇಕು, ಅದು ಹಾರಬೇಕು. ನೊಣವನ್ನೇ ತೆಗೆದುಕೊಳ್ಳಿ. ಬೆಚ್ಚಗಿದ್ದರೆ ಮೊಟ್ಟೆ ಸುಮಾರು ಒಂದೇ ದಿನದಲ್ಲಿ ಒಡೆಯುತ್ತದೆ. ಮರಿ 4-5 ದಿನ ಬಿಡದೆ ತಿನ್ನುತ್ತದೆ, ಅಷ್ಟರಲ್ಲಿ ಎರಡು ಸಲ ಚರ್ಮ ಕಳಚುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು, ಕೋಶ ಕಟ್ಟಿಕೊಳ್ಳಲು ಒಣಗಿದ ಕತ್ತಲೆ ಜಾಗ ಹುಡುಕಿಕೊಂಡು ಹೊರಡುತ್ತದೆ. ಅಂಗಡಿಗೆ ಬರುವುದು ಈ ಹಂತದಲ್ಲಿ. ನೀವು ದುಡ್ಡು ಕೊಡುವ ಹೊತ್ತಿಗೇ ಅದು ಹೊರಟು ನಿಂತಿರುತ್ತದೆ, ಅಲ್ವಾ? ಅದನ್ನು ಇನ್ನೊಂದಷ್ಟು ದಿನ ತಡೆದು ನಿಲ್ಲಿಸುವುದೇ ನಮ್ಮ ಕೆಲಸ.

ಹಾಗಾಗಿ ಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ, ಹೊಸ ಸರಕು ಯಾವ ದಿನ ಬರುತ್ತದೆ ಅಂತ. ಆ ದಿನವೇ ಹೋಗುತ್ತೇನೆ. ಅಂಗಡಿಯವರು ಏನೇ ಹೇಳಲಿ, ಹುಳದ ಮೈಯಲ್ಲೇ ಒಂದು ಗುರುತು ಇದೆ. ಒಂದನ್ನು ಅಂಗೈ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಚೂಪಾದ ತುದಿಯ ಹತ್ತಿರ, ಚರ್ಮದ ಒಳಗಡೆ, ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಅದು ಹುಳ ತಿಂದು ಕೂಡಿಟ್ಟುಕೊಂಡ ಆಹಾರ. ತಿನ್ನುವುದು ನಿಲ್ಲಿಸಿದ ಮೇಲೆ ಆ ಚುಕ್ಕೆ ದಿನದಿಂದ ದಿನಕ್ಕೆ ಕರಗುತ್ತಾ ಹೋಗುತ್ತದೆ. ಚುಕ್ಕೆ ದೊಡ್ಡದಾಗಿ, ಕಪ್ಪಾಗಿ ಇದ್ದರೆ ಹುಳ ತಾಜಾ. ಮಸುಕಾಗಿದ್ದರೆ ಹಳೆಯದು. ಪೂರ್ತಿ ಮಾಯವಾಗಿದ್ದರೆ ಇನ್ನೆರಡು ದಿನ ಬೆಚ್ಚಗಿಟ್ಟರೆ ಸಾಕು, ಕೋಶವಾಗಲು ಶುರು ಮಾಡುತ್ತವೆ.

ತಾಜಾ ಹುಳದ ಚರ್ಮ ಮೆದು, ಮೈ ತುಂಬಿರುತ್ತದೆ. ಡಬ್ಬಿ ಅಲುಗಿಸಿದರೆ ಎಲ್ಲವೂ ಒಟ್ಟಿಗೆ ಮಿಸುಕಾಡುತ್ತವೆ. ಸತ್ತ ಹುಳ ಉದ್ದಕ್ಕೆ ಎಳೆದುಕೊಂಡು, ಜೋಲು ಬಿದ್ದು, ಬಣ್ಣಗೆಟ್ಟಿರುತ್ತದೆ. ಒಂದು ಹಿಡಿಯಲ್ಲಿ ನಾಲ್ಕಾರು ಹಾಗೆ ಕಂಡರೆ ನಾನು ಕೊಳ್ಳುವುದಿಲ್ಲ. ಒಂದು ಸಲ ಒಂದು ಅಂಗಡಿಯಲ್ಲಿ ಹಳೆಯ ಹುಳದ ಮೇಲೆ ಹೊಸದನ್ನು ಸುರಿದು ಕೊಟ್ಟಿದ್ದರು. ಮೇಲಿನದ್ದು ಚೆನ್ನಾಗಿತ್ತು, ನಾನು ಕೆಳಗೆ ಕೈ ಹಾಕಿ ನೋಡಲಿಲ್ಲ. ಮೂರನೆಯ ದಿನಕ್ಕೆ ಅರ್ಧ ಡಬ್ಬಿ ಕಂದು ಕೋಶವಾಗಿತ್ತು. ಅವತ್ತಿನಿಂದ ತಳದವರೆಗೆ ಬೆರಳು ಹಾಕಿ ಒಂದು ಹಿಡಿ ಮೇಲೆತ್ತಿ ನೋಡದೆ ದುಡ್ಡು ಕೊಡುವುದಿಲ್ಲ.

ಬಣ್ಣ ಹಾಕಿದ ಹುಳದ ಬಗ್ಗೆ ಒಂದು ಮಾತು. ಕೆಂಪು, ಕಂಚಿನ ಬಣ್ಣದ ಹುಳಗಳು ಸಿಗುತ್ತವೆ. 1980ರ ದಶಕದಲ್ಲಿ ಬ್ರಿಟನ್‌ನಲ್ಲಿ ಹೀಗೆ ಹುಳಕ್ಕೆ ಹಾಕುತ್ತಿದ್ದ ಕ್ರೈಸಾಯ್ಡಿನ್ ಅನ್ನುವ ಬಣ್ಣಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ನಂಟು ಇರಬಹುದು ಅನ್ನುವ ಅನುಮಾನ ಎದ್ದಿತ್ತು. ಬೆರಳಿಗೆ ಬಣ್ಣ ಹತ್ತುವ ಹುಳವನ್ನು ನಾನಂತೂ ಮುಟ್ಟುವುದಿಲ್ಲ. ಬಿಳಿ ಹುಳಕ್ಕೆ ಮೀನು ಚೆನ್ನಾಗಿಯೇ ಬೀಳುತ್ತದೆ.

ಈಗ ಮನೆಗೆ ತಂದಿರಿ ಅಂದುಕೊಳ್ಳಿ. ತಂದ ಡಬ್ಬಿಯನ್ನು ಹಾಗೇ ಫ್ರಿಜ್ಜಿಗೆ ತಳ್ಳಬೇಡಿ. ಹುಳ ಗುಂಪಾಗಿ ಇದ್ದಾಗ ತಾನೇ ಬಿಸಿ ಹುಟ್ಟಿಸುತ್ತದೆ. ರಾಶಿಯ ನಡುವೆ ಬೆರಳು ತೂರಿಸಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅಲ್ಲಿ ಹೊರಗಿನ ಹವೆಗಿಂತ ಎಷ್ಟೋ ಜಾಸ್ತಿ ಕಾವು. ಬಿಸಿಯಾದರೆ ಮೈ ಒದ್ದೆಯಾಗುತ್ತದೆ, ಆ ತೇವ ಹೊರಗೆ ಹೋಗದಿದ್ದರೆ ಅಮೋನಿಯಾ ಕಟ್ಟುತ್ತದೆ, ಕೊನೆಗೆ ಉಸಿರು ಕಟ್ಟಿ ಸಾಯುತ್ತವೆ. ಆಳವಾದ ಡಬ್ಬಿ ತುಂಬ ತುಂಬಿದರೆ ನಡುವಿನ ಹುಳಕ್ಕೆ ತಂಪು ತಲುಪುವುದೇ ಇಲ್ಲ.

ನಾನು ಮಾಡುವುದು ಹೀಗೆ. ಹುಳವನ್ನು ಜರಡಿಗೆ ಸುರಿಯುತ್ತೇನೆ. ಜರಡಿಯ ಕಣ್ಣು ಹುಳ ನುಸುಳಿ ಕೆಳಗೆ ಇಳಿಯುವಷ್ಟು ಅಗಲ ಇರಬೇಕು. ಸುಮ್ನೆ ಇಟ್ಟುಬಿಡಿ, ಅಲುಗಿಸಬೇಡಿ. ಜೀವ ಇರುವ ಹುಳ ಬೆಳಕಿಗೆ ಹೆದರಿ ತಾನಾಗಿ ಕೆಳಗೆ ಇಳಿಯುತ್ತದೆ. ಸತ್ತದ್ದು, ಒಣ ಸಿಪ್ಪೆ, ಕಸ ಎಲ್ಲ ಮೇಲೆ ಉಳಿಯುತ್ತದೆ. ಇಳಿದವನ್ನು ಅಗಲವಾದ, ಒಣಗಿದ ಡಬ್ಬಿಗೆ ಹಾಕಿ, ಅರ್ಧಕ್ಕಿಂತ ಜಾಸ್ತಿ ತುಂಬದೆ, ಹೊಸ ಗೋಧಿ ಬೂಸಾ ಅಥವಾ ಮೆಕ್ಕೆಜೋಳದ ಹಿಟ್ಟು ಉದುರಿಸುತ್ತೇನೆ. ಮರದ ಹೊಟ್ಟೂ ಆಗುತ್ತದೆ, ಆದರೆ ಬಣ್ಣ, ವಾರ್ನಿಷ್ ತಾಗದ ಮರದ್ದು ಇರಬೇಕು. ಮುಚ್ಚಳದಲ್ಲಿ ಸಣ್ಣ ಸಣ್ಣ ತೂತು. ಆಮೇಲೆ ಫ್ರಿಜ್, 1ರಿಂದ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅಷ್ಟು ತಂಪಿಗೆ ಹುಳ ಮರಗಟ್ಟಿದ ಹಾಗೆ ಮಲಗುತ್ತದೆ. ಎರಡು ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ, ಒದ್ದೆಯಾದ ಬೂಸಾ ಬದಲಿಸಿದರೆ ವಾರ, ಹತ್ತು ದಿನ ಗಟ್ಟಿಯಾಗಿ ಬಾಳುತ್ತದೆ. ಅಡುಗೆಯ ಫ್ರಿಜ್ಜನ್ನೇ ಬಳಸುವುದಾದರೆ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗೆ ಇಡಿ. ಆದರೆ ಹೊರ ಡಬ್ಬಿಗೂ ಗಾಳಿಯ ದಾರಿ ಇರಬೇಕು. ಹುಳ ಮುಟ್ಟಿದ ಕೈ ಸೋಪು ಹಾಕಿ ತೊಳೆಯುವುದನ್ನು ಮರೆಯಬೇಡಿ.

ತೇವದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಣಗಿದ ಹುಳ ಡಬ್ಬಿಯ ನೆಟ್ಟಗಿನ ಗೋಡೆ ಹತ್ತಲಾರದು, ಜಾರಿ ಬೀಳುತ್ತದೆ. ಅದೇ ಹುಳ ಒದ್ದೆಯಾದರೆ ಮೈಮೇಲಿನ ನೀರಿನ ಪದರ ಅಂಟಿನ ಹಾಗೆ ಹಿಡಿದು, ಗೋಡೆ ಹತ್ತಿ ಮುಚ್ಚಳದವರೆಗೂ ಹೋಗುತ್ತದೆ. ಒಮ್ಮೆ ಮಳೆಯಲ್ಲಿ ನೆನೆದ ಡಬ್ಬಿಯನ್ನು ಒರೆಸದೆ ಒಳಗಿಟ್ಟಿದ್ದೆ, ಮುಚ್ಚಳದ ಒಂದು ಮೂಲೆ ಸರಿಯಾಗಿ ಕೂತಿರಲಿಲ್ಲ. ಬೆಳಗ್ಗೆ ಫ್ರಿಜ್ ಬಾಗಿಲು ತೆಗೆದರೆ ತಟ್ಟೆಗಳ ಸಂದಿಯಲ್ಲಿ, ರಬ್ಬರಿನ ಮಡಿಕೆಯಲ್ಲಿ ಎಲ್ಲ ಹುಳ. ಮನೆಯವರಿಗೆ ಆದ ಬೇಸರ ನನಗೆ ಇನ್ನೂ ನೆನಪಿದೆ. ಮಳೆ ಬಂದರೆ ಈಗ ಮೊದಲು ಮುಚ್ಚುವುದು ಹುಳದ ಡಬ್ಬಿಯನ್ನೇ.

ಎಲ್ಲ ಹುಳಕ್ಕೂ ಇದೇ ತಂಪು ಹೊಂದುತ್ತದೆ ಅಂದುಕೊಳ್ಳಬೇಡಿ. ದುಡ್ಡು ದಂಡವಾಗುವುದು ಹೆಚ್ಚಾಗಿ ಇಲ್ಲೇ. ಮೇಣದ ಪತಂಗದ ಮರಿ, ಅಂದರೆ ವ್ಯಾಕ್ಸ್‌ವರ್ಮ್, ಫ್ರಿಜ್ಜಿನ ಚಳಿಗೆ ಕಪ್ಪಾಗಿ ಸಾಯುತ್ತದೆ. ಅದಕ್ಕೆ 13ರಿಂದ 16 ಡಿಗ್ರಿ ಬೇಕು, ಮನೆಯ ತಣ್ಣನೆಯ ಕತ್ತಲೆ ಮೂಲೆ ಸಾಕು. ಕಪ್ಪಾದದ್ದು ಕಂಡರೆ ಕೂಡಲೇ ಆರಿಸಿ ತೆಗೆಯಿರಿ. ಇನ್ನೊಂದು, ಇವು ಜೇನುಗೂಡಿನ ಮೇಣ ತಿಂದು ಹಾಳು ಮಾಡುವ ಜಾತಿ. ಪತಂಗವಾಗಿ ಹಾರಿ ಹೋಗಲು ಬಿಟ್ಟರೆ ಹತ್ತಿರದ ಜೇನು ಸಾಕುವವರಿಗೆ ತೊಂದರೆ.

ಜೀರುಂಡೆ ಮರಿಯಾದ ಮೀಲ್‌ವರ್ಮ್ ಫ್ರಿಜ್ಜಿನಲ್ಲಿ ಇರುತ್ತದೆ, ಆದರೆ 7ರಿಂದ 10 ಡಿಗ್ರಿಯಲ್ಲಿ. ಫ್ರಿಜ್ಜಿನ ಬಾಗಿಲಿನ ಖಾನೆ ಅದಕ್ಕೆ ಸರಿ. ವಾರಕ್ಕೊಮ್ಮೆ ಹೊರಗೆ ತೆಗೆದು, ಒಂದು ಚೂರು ಕ್ಯಾರೆಟ್ಟೋ ಆಲೂಗಡ್ಡೆಯೋ ಹಾಕಿ, ಒಂದು ದಿನ ತಿನ್ನಲು ಬಿಟ್ಟು, ಉಳಿದ ಚೂರನ್ನು ತೆಗೆದು ಮತ್ತೆ ಒಳಗಿಡಿ. ಚೂರು ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನೋಡಲು ಅದರ ಅಣ್ಣನ ಹಾಗಿರುವ ಸೂಪರ್‌ವರ್ಮ್‌ಗೆ ಮಾತ್ರ ಫ್ರಿಜ್ ಬೇಡವೇ ಬೇಡ, ಸತ್ತೇ ಹೋಗುತ್ತದೆ. ಅದರದ್ದೊಂದು ವಿಶೇಷ ಇದೆ, ನನಗೆ ತುಂಬ ಇಷ್ಟ. ಗುಂಪಿನಲ್ಲಿ ಇರುವವರೆಗೆ ಅದು ಕೋಶವಾಗುವುದಿಲ್ಲ. ಒಂದೊಂದನ್ನೇ ಬೇರೆ ಮಾಡಿ ಇಟ್ಟರೆ ಮಾತ್ರ ಕೋಶವಾಗುತ್ತದೆ. ಒಟ್ಟಿಗೆ ಬೂಸಾದಲ್ಲಿ ಬಿಟ್ಟರೆ ಮರಿ ಮರಿಯಾಗಿಯೇ ಉಳಿಯುತ್ತದೆ.

ನೊಣದ ಹುಳ ಕೋಶವಾಗಿಬಿಟ್ಟರೆ ಎಸೆಯಬೇಡಿ. ಅದಕ್ಕೆ ಕ್ಯಾಸ್ಟರ್ ಅಂತ ಹೆಸರು, ಎಷ್ಟೋ ಮೀನಿಗೆ ಹುಳಕ್ಕಿಂತ ಅದೇ ರುಚಿ. ಮೊದಲು ಬಣ್ಣ ತಿಳಿಯಾಗಿರುತ್ತದೆ, ಆಮೇಲೆ ಕೆಂಪಗಾಗಿ, ಕಡುಕಂದು ಆಗುತ್ತದೆ. ಒಂದು ಬಟ್ಟಲು ನೀರಿಗೆ ಹಾಕಿ ನೋಡಿ. ತಿಳಿ ಬಣ್ಣದ್ದು ಮುಳುಗುತ್ತದೆ, ಕಡು ಬಣ್ಣದ್ದು ತೇಲುತ್ತದೆ. ಮುಳುಗುವುದನ್ನು ಮೀನು ಕೂಡಿಸಲು ನೀರಿಗೆ ಎರಚಬಹುದು. ತೇಲುವುದನ್ನು ಎರಚಬೇಡಿ, ಗಾಳಿಗೆ ತೇಲಿ ಹೋಗಿ ಮೀನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಒಂದೆರಡನ್ನು ಗಾಳಕ್ಕೆ ಇಟ್ಟುಕೊಳ್ಳಿ, ಕೊಕ್ಕೆಯ ಭಾರಕ್ಕೆ ಸರಿಹೋಗುತ್ತದೆ. ಮುಳುಗುವುದನ್ನು ಒಂದು ರಾತ್ರಿ ಹಾಗೇ ಉಳಿಸಬೇಕಾದರೆ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಗಾಳಿ ಸಿಗದೆ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಬಹಳ ದಿನ ಬಿಟ್ಟರೆ ಹುಳಿ ವಾಸನೆ ಬರುತ್ತದೆ.

ಇಷ್ಟೆಲ್ಲ ಕಾಪಾಡಿದ ಹುಳವನ್ನು ಕೊಕ್ಕೆಗೆ ಚುಚ್ಚುವಾಗ ಹಾಳು ಮಾಡಬಾರದು. ಹುಳದ ಮೊಂಡಾದ ತುದಿಯಲ್ಲಿ ಕಣ್ಣಿನ ಹಾಗೆ ಎರಡು ಕಂದು ಚುಕ್ಕೆ ಇವೆ. ತುಂಬ ಜನ ಅದನ್ನೇ ಮುಖ ಅಂದುಕೊಳ್ಳುತ್ತಾರೆ. ಅದು ಬಾಲ. ಆ ಚುಕ್ಕೆಗಳು ಉಸಿರಾಡುವ ತೂತುಗಳು. ತಲೆ ಆಹಾರದಲ್ಲಿ ಹೂತಿರುವಾಗಲೂ ಹುಳ ಹಿಂದಿನಿಂದ ಉಸಿರಾಡುತ್ತಾ ತಿನ್ನುತ್ತಿರುತ್ತದೆ. ಬಾಯಿ ಇರುವುದು ಚೂಪು ತುದಿಯಲ್ಲಿ. ಮೊಂಡು ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿಯಿರಿ, ಅಲ್ಲಿ ಚರ್ಮ ಒಂದಿಷ್ಟು ಉಬ್ಬುತ್ತದೆ. ಕೊಕ್ಕೆಯ ಮೊನೆಯನ್ನು ಆ ಚರ್ಮಕ್ಕಷ್ಟೇ ತಾಗಿಸಿ ಹಾಯಿಸಿ. ಒಳಗಿನ ನೀರು ಚಿಮ್ಮಿದರೆ ಆಳಕ್ಕೆ ಹೋಯಿತು ಅಂತ, ಆ ಹುಳ ಬಿಡಿ, ಇನ್ನೊಂದು ತೆಗೆದುಕೊಳ್ಳಿ. ಸರಿಯಾಗಿ ಚುಚ್ಚಿದ್ದು ನೀರಿನಲ್ಲಿ ಬಹಳ ಹೊತ್ತು ಹೊರಳಾಡುತ್ತದೆ. ಫ್ರಿಜ್ಜಿನಿಂದ ತೆಗೆದ ಹುಳ ಮಿಸುಕದಿದ್ದರೆ ಅಂಗೈಯಲ್ಲಿ ಒಂದು ನಿಮಿಷ ಹಿಡಿಯಿರಿ, ಎಚ್ಚರವಾಗುತ್ತದೆ.

ನೀರಿನ ಹತ್ತಿರ ಡಬ್ಬಿ ನೆರಳಲ್ಲಿರಲಿ. ಕೆಲವು ಕಡೆ ಕೆಲವು ಹುಳ ಬಳಸುವಂತಿಲ್ಲ ಅನ್ನುವ ನಿಯಮ ಇರುತ್ತದೆ, ಹೋಗುವ ಮುಂಚೆ ಕೇಳಿಕೊಳ್ಳಿ.

ಸಂಜೆ ಮಿಕ್ಕಿದ ಹುಳವನ್ನು ದಡದಲ್ಲಿ ಸುರಿದು ಬರಬೇಡಿ. ಮನೆಗೆ ತಂದು ಮತ್ತೆ ಜರಡಿ ಹಿಡಿಯಿರಿ. ಚುಕ್ಕೆ ಇನ್ನೂ ಕಾಣುವುದನ್ನು ಹೊಸ ಬೂಸಾದಲ್ಲಿ ಫ್ರಿಜ್ಜಿಗೆ ಇಡಿ. ಚುಕ್ಕೆ ಹೋದದ್ದನ್ನು ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ, ಗಾಳಿ ಒತ್ತಿ ತೆಗೆದು, ಫ್ರೀಜರಿಗೆ ಹಾಕಿ. ಸತ್ತ ಹುಳವೂ ಒಳ್ಳೆಯ ಎರೆಯೇ. ನೀರಿನ ತಳಕ್ಕೆ ಹಾಕಿದರೆ ಕೆಸರಿನೊಳಗೆ ನುಸುಳಿ ಹೋಗದೆ ಬಿದ್ದಲ್ಲೇ ಇರುತ್ತದೆ, ತಳದಲ್ಲಿ ಮೇಯುವ ಮೀನಿಗೆ ಸುಲಭವಾಗಿ ಸಿಗುತ್ತದೆ. ಕರಗಿದ ಮೇಲೆ ಬೇಗ ಕಪ್ಪಾಗುತ್ತದೆ, ಆದ್ದರಿಂದ ಒಂದು ಸಲಕ್ಕೆ ಒಂದೇ ಪೊಟ್ಟಣ ತೆಗೆಯಿರಿ. ಪೊಟ್ಟಣದ ಮೇಲೆ ತಾರೀಕು ಬರೆದಿಡಿ.

ನಮಸ್ಕಾರ.