‘ಮೇಲ್ನೋಟಕ್ಕೆ’ ಎಂಬ ಮಾತಿನ ತೂಕ

ಕೇಳುಗರಿಗೆ ನಮಸ್ಕಾರ. ನ್ಯಾಯಾಲಯದ ವರದಿಯಲ್ಲಿ ‘ಮೇಲ್ನೋಟಕ್ಕೆ ಸಾಕ್ಷ್ಯವಿದೆ’ ಎಂಬ ವಾಕ್ಯವನ್ನು ಓದಿದೊಡನೆ ಆರೋಪ ರುಜುವಾತಾಯಿತೆಂದೇ ಅನೇಕರು ತಿಳಿದುಬಿಡುತ್ತಾರೆ. ಆ ಮಾತಿನ ಹಿಂದಿರುವುದು ‘ಪ್ರೈಮಾ ಫೇಸಿ’ ಎಂಬ ಲ್ಯಾಟಿನ್ ಪದಗುಚ್ಛ. ಅದರ ಮೊದಲ ಪದಕ್ಕೆ ‘ಮೊದಲನೆಯ’ ಎಂದೂ ಎರಡನೆಯದಕ್ಕೆ ‘ಮುಖ, ತೋರಿಕೆ’ ಎಂದೂ ಅರ್ಥ.

ಕನ್ನಡದ ‘ಮೇಲ್ನೋಟ’ ಈ ಅರ್ಥವನ್ನು ಪೂರ್ತಿಯಾಗಿ ಹೊರಲಾರದು ಎಂದು ನನಗನ್ನಿಸುತ್ತದೆ. ‘ಮೇಲ್ನೋಟಕ್ಕೆ ಸಾಧುವಾಗಿ ಕಾಣುತ್ತಾನೆ’ ಎಂದು ನಾವು ಹೇಳಿದಾಗ, ಒಳಗೆ ಬೇರೆಯೇ ಇದ್ದೀತು ಎಂಬ ಗುಮಾನಿಯೂ ಆ ಮಾತಿನೊಡನೆ ಬಂದಿರುತ್ತದೆ. ಕಾನೂನಿನ ಬಳಕೆಯಲ್ಲಿ ಆ ಗುಮಾನಿಗೆ ಎಡೆಯಿಲ್ಲ. ಎದುರು ಪಕ್ಷದಿಂದ ಯಾವ ಉತ್ತರವೂ ಬಾರದಿದ್ದರೆ ಒಂದು ಸಂಗತಿಯನ್ನು ನಿಜವೆಂದು ಒಪ್ಪಿಕೊಳ್ಳಲು ಸಾಕಾಗುವಷ್ಟು ಆಧಾರವಿದ್ದಾಗ ಮಾತ್ರ ಅದನ್ನು ಪ್ರೈಮಾ ಫೇಸಿ ಸಾಕ್ಷ್ಯವೆನ್ನುತ್ತಾರೆ. ಉತ್ತರ ಬಂದ ಮೇಲೆ ಅದು ನಿಲ್ಲಲೂಬಹುದು, ಬೀಳಲೂಬಹುದು.

1863ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಬರ್ನ್ ಮತ್ತು ಬೋಡಲ್ ನಡುವಣ ಮೊಕದ್ದಮೆಯನ್ನು ನೋಡಿ. ಲಿವರ್‌ಪೂಲಿನ ಬೀದಿಯಲ್ಲಿ ನಡೆದುಹೋಗುತ್ತಿದ್ದ ಬರ್ನ್ ಮೇಲೆ, ಹಿಟ್ಟಿನ ವ್ಯಾಪಾರಿ ಬೋಡಲ್‌ನ ಅಂಗಡಿಯ ಮೇಲಿನ ಕಿಟಕಿಯಿಂದ ಪೀಪಾಯಿಯೊಂದು ಬಿದ್ದಿತು. ಅದು ಹೇಗೆ ಬಿತ್ತು, ಯಾರ ಕೈತಪ್ಪಿತು ಎಂದು ಹೇಳಬಲ್ಲ ಸಾಕ್ಷಿ ಒಬ್ಬರೂ ಇರಲಿಲ್ಲವಾದ್ದರಿಂದ ಕೆಳಹಂತದಲ್ಲಿ ದಾವೆ ನಿಲ್ಲಲಿಲ್ಲ. ಮೇಲಿನ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧೀಶ ಪೊಲಾಕ್, ಎಚ್ಚರಿಕೆ ವಹಿಸಿದ್ದರೆ ಪೀಪಾಯಿ ಹಾಗೆ ಬೀಳುತ್ತಿರಲಿಲ್ಲ, ಆದ್ದರಿಂದ ಬಿದ್ದದ್ದೇ ಅಜಾಗರೂಕತೆಗೆ ಪ್ರೈಮಾ ಫೇಸಿ ಸಾಕ್ಷ್ಯ ಎಂದರು. ‘ರೆಸ್ ಇಪ್ಸಾ ಲೋಕ್ವಿಟರ್’, ಅಂದರೆ ಸಂಗತಿಯೇ ತಾನಾಗಿ ಮಾತಾಡುತ್ತದೆ ಎಂಬ ಇನ್ನೊಂದು ಲ್ಯಾಟಿನ್ ಮಾತು ಕಾನೂನಿನಲ್ಲಿ ಬೇರೂರಿದ್ದು ಈ ಮೊಕದ್ದಮೆಯಿಂದ. ಗಾಯಗೊಂಡು ಬಿದ್ದವನಿಂದ ಕಿಟಕಿಯ ಒಳಗಿನ ಸಂಗತಿಗೆ ಪುರಾವೆ ಕೇಳುವುದು ಎಂಥ ಅನ್ಯಾಯವೆಂದು ಅಂದು ಮನಗಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಬೋಡಲ್‌ನ ಬಾಯಿ ಕಟ್ಟಲಿಲ್ಲ. ಈ ಊಹೆಗೆ ಹೊಂದದ ಸಂಗತಿಗಳಿದ್ದರೆ ಅವನ್ನು ತೋರಿಸುವ ಹೊಣೆ ಅವನ ಮೇಲಿತ್ತು.

ಕ್ರಿಮಿನಲ್ ಪ್ರಕರಣದ ಆರಂಭದಲ್ಲಿ ಈ ಮಾತನ್ನು ಬಳಸುವ ನ್ಯಾಯಾಧೀಶರು, ವಿಚಾರಣೆ ನಡೆಸಲು ಸಾಕಷ್ಟು ಆಧಾರವಿದೆಯೇ ಎಂಬುದನ್ನಷ್ಟೇ ನೋಡಿರುತ್ತಾರೆ. ಆ ಹೊತ್ತಿಗೆ ಸಾಕ್ಷಿಗಳ ಪಾಟೀ ಸವಾಲು ಆಗಿರುವುದಿಲ್ಲ, ಆರೋಪಿಯ ಪರವಾದ ಸಾಕ್ಷ್ಯವೂ ನ್ಯಾಯಾಲಯದ ಮುಂದೆ ಬಂದಿರುವುದಿಲ್ಲ. ವರದಿಯ ತಲೆಬರಹದಿಂದ ‘ಮೇಲ್ನೋಟಕ್ಕೆ’ ಎಂಬ ಒಂದೇ ಪದ ಬಿಟ್ಟುಹೋದರೂ, ಯಾವ ನ್ಯಾಯಾಧೀಶರೂ ಕೊಡದ ತೀರ್ಪು ಆ ಆರೋಪಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ನಮಸ್ಕಾರ.