ಪೆಟ್ರೋಲ್ ಹೆಲಿಕಾಪ್ಟರ್ ಮಿಸ್ ಹೊಡೆಯುತ್ತಿದೆಯಾ? ಮೊದಲು ನೀಡಲ್ ಮುಟ್ಟಬೇಡಿ

[ದೃಶ್ಯ: ಹೋವರ್ ಮಾಡುತ್ತಿರುವ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುವ ರೇಡಿಯೋ ಕಂಟ್ರೋಲ್ ಹೆಲಿಕಾಪ್ಟರ್. ಇಂಜಿನ್ ಶಬ್ದ ಮಾತ್ರ.]

ಈ ಶಬ್ದವನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಒಂದೇ ಸಮ ಬರುತ್ತಿದೆ... ಈಗ! ಒಂದು ಕ್ಷಣ ಉಸಿರು ಕಟ್ಟಿದ ಹಾಗಾಯಿತು, ಅಲ್ವಾ? ಅದೇ ಹೊತ್ತಿಗೆ ಬಾಲ ನೋಡಿ, ಪಟ್ಟಂತ ಪಕ್ಕಕ್ಕೆ ಒದೆಯಿತು. ಇದನ್ನು ನೋಡಿದ ತಕ್ಷಣ ತುಂಬಾ ಜನ ಬಾಲವನ್ನು ಅಲುಗಾಡದಂತೆ ಹಿಡಿದಿಡುವ ಜೈರೋದ ಸೆಟ್ಟಿಂಗ್ ಬದಲಾಯಿಸಲು ಕೂರುತ್ತಾರೆ. ಆದರೆ ಇಂಜಿನ್ ಒಂದು ಏಟು ತಪ್ಪಿದರೂ ಬಾಲ ಹೀಗೆ ಒದೆಯುತ್ತದೆ. ಹಾಗಾಗಿ ಮೊದಲು ಇಂಜಿನ್ ನೋಡೋಣ.

ನಮಸ್ಕಾರ. ಇವತ್ತಿನ ಮಾತು ಪೆಟ್ರೋಲ್ ಇಂಜಿನ್ ಬಗ್ಗೆ ಮಾತ್ರ. ನೈಟ್ರೋ ಇಂಜಿನ್ನಿನ ಗ್ಲೋ ಪ್ಲಗ್, ಮೆಥನಾಲ್ ಬೇರೆ ಕಥೆ. ಇಲ್ಲಿರುವುದು ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಜೊತೆ ಬೆರೆಸಿದ ಟೂ ಸ್ಟ್ರೋಕ್ ಆಯಿಲ್, ಮತ್ತೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ, ವಾಲ್ಬ್ರೋ ಕಂಪನಿಯ ಥರದ ಪುಟ್ಟ ಡಯಾಫ್ರಂ ಕಾರ್ಬೊರೇಟರ್. ಜೆನೋವಾ ಕಂಪನಿಯ 23, 26 ಸಿಸಿ ಇಂಜಿನ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

[ದೃಶ್ಯ: ಕಾರ್ಬೊರೇಟರ್ ಹತ್ತಿರದಿಂದ. ಎರಡು ನೀಡಲ್ ಸ್ಕ್ರೂ.]

ಇಂಜಿನ್ ಮಿಸ್ ಹೊಡೆದ ಕೂಡಲೇ ನಮ್ಮ ಕೈ ಹೋಗುವುದು ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಈ ಎರಡು ನೀಡಲ್ ಸ್ಕ್ರೂಗಳ ಹತ್ತಿರ. ದಯವಿಟ್ಟು ತಡೆಯಿರಿ. ಹೋದ ವಾರ ಚೆನ್ನಾಗಿ ಹಾರುತ್ತಿತ್ತು, ನೀವು ಏನೂ ಮುಟ್ಟಿಲ್ಲ, ಇವತ್ತು ಎಡವಟ್ಟಾಗಿದೆ. ಹಾಗಾದರೆ ನೀಡಲ್ ತಾನಾಗಿ ಬದಲಾಗಿರುವುದು ಅಪರೂಪ. ಬೇರೆ ಏನೋ ಕೆಟ್ಟಿದೆ. ಆ ತೊಂದರೆ ಹಾಗೇ ಬಿಟ್ಟು ನೀಡಲ್ ತಿರುಗಿಸಿದರೆ ಒಂದರ ಬದಲು ಎರಡು ತೊಂದರೆ ಆಗುತ್ತವೆ.

ನನಗೆ ಇದು ಅರ್ಥವಾಗಿದ್ದು ಒಂದು ಚಿಕ್ಕ ಪೈಪಿನಿಂದ. ಟ್ಯಾಂಕ್ ತುಂಬಾ ಇದ್ದಾಗ ಇಂಜಿನ್ ಬಂಗಾರದ ಹಾಗೆ ಓಡುತ್ತಿತ್ತು. ಅರ್ಧ ಖಾಲಿಯಾದ ಮೇಲೆ ಶುರು, ಮೇಲೇರಿಸಿದರೆ ಗೊಗ್ಗರು ಶಬ್ದ, ಬಾಲ ಒದೆತ. ಮೂರು ಭಾನುವಾರ ನೀಡಲ್ ತಿರುಗಿಸಿದೆ. ಕೊನೆಗೆ ಟ್ಯಾಂಕ್ ಒಳಗಿನ ಪೈಪ್ ಹೊರಗೆಳೆದು ಬೆಳಕಿಗೆ ಹಿಡಿದು ಬಗ್ಗಿಸಿದೆ.

[ದೃಶ್ಯ: ಬೆರಳುಗಳ ನಡುವೆ ಬಗ್ಗಿಸಿದ ಪೈಪ್. ಬಾಗಿದ ಕಡೆ ಕೂದಲೆಳೆಯಷ್ಟು ಸೀಳು.]

ಇದೇ ನೋಡಿ. ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಬಗ್ಗಿಸಿದರೆ ಬಾಯಿ ಬಿಡುತ್ತದೆ. ಟ್ಯಾಂಕ್ ತುಂಬಿದ್ದಾಗ ಈ ಸೀಳು ಪೆಟ್ರೋಲಿನೊಳಗೆ ಮುಳುಗಿರುತ್ತದೆ, ಅದು ಎಳೆದುಕೊಳ್ಳುವುದೂ ಪೆಟ್ರೋಲನ್ನೇ. ಮಟ್ಟ ಇಳಿದ ಮೇಲೆ ಗಾಳಿ ಎಳೆಯುತ್ತದೆ. ಆದ್ದರಿಂದ ನಿಮ್ಮ ತೊಂದರೆ ಟ್ಯಾಂಕ್ ಅರ್ಧವಾದ ಮೇಲೆಯೇ ಬರುತ್ತಿದ್ದರೆ, ಮೊದಲು ಆ ಒಳಗಿನ ಪೈಪ್ ನೋಡಿ. ನೈಟ್ರೋಗೆ ಹಾಕುವ ಸಿಲಿಕಾನ್ ಪೈಪನ್ನು ಇಲ್ಲಿ ಹಾಕಲೇಬೇಡಿ. ಪೆಟ್ರೋಲ್ ತಾಗಿದರೆ ಅದು ಊದಿಕೊಂಡು ಕೆಟ್ಟುಹೋಗುತ್ತದೆ. ಪೆಟ್ರೋಲಿಗೆ ಅಂತಲೇ ಬರುವ ಟೈಗಾನ್ ಪೈಪ್ ಹಾಕಿ.

ಟ್ಯಾಂಕಿನಿಂದ ಕಾರ್ಬೊರೇಟರಿಗೆ ಬರುವ ಪೈಪಿನಲ್ಲಿ ಗುಳ್ಳೆ ಓಡುತ್ತಿದೆಯಾ ಅಂತಲೂ ನೋಡಿ. ಸೀಳು ಇಲ್ಲದಿದ್ದರೂ ಗುಳ್ಳೆ ಬರಬಹುದು. ಬ್ಲೇಡ್ ಬ್ಯಾಲೆನ್ಸ್ ತಪ್ಪಿ ಇಡೀ ಹೆಲಿಕಾಪ್ಟರ್ ನಡುಗುತ್ತಿದ್ದರೆ ಟ್ಯಾಂಕಿನೊಳಗೆ ಪೆಟ್ರೋಲ್ ನೊರೆ ಏಳುತ್ತದೆ. ಆಗ ಸರಿ ಮಾಡಬೇಕಾಗಿರುವುದು ನಡುಕವನ್ನು.

[ದೃಶ್ಯ: ಕಾರ್ಬೊರೇಟರ್ ಮುಚ್ಚಳ ಬಿಚ್ಚುತ್ತಿರುವುದು.]

ಪೈಪ್ ಸರಿ ಇದೆ. ಈಗ ಒಳಗೆ. ಈ ಕಾರ್ಬೊರೇಟರಿನಲ್ಲಿ ಎರಡು ತೆಳು ಪೊರೆಗಳಿವೆ, ಡಯಾಫ್ರಂ ಅಂದರೆ ಇವೇ. ಒಂದು ಪಂಪ್. ಪಿಸ್ಟನ್ ಮೇಲೆ ಕೆಳಗೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನೊಳಗೆ ಆಗುವ ಒತ್ತಡ, ಎಳೆತಕ್ಕೆ ಇದು ಬಡಿದುಕೊಳ್ಳುತ್ತಾ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುವ ಕಾವಲುಗಾರ. ಇದರ ಒಂದು ಬದಿಗೆ ಹೊರಗಿನ ಗಾಳಿ ತಾಗಬೇಕು, ಅದಕ್ಕೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು. ಅದರಲ್ಲಿ ಧೂಳು ಕೂತರೆ ಪೊರೆ ಸರಿಯಾಗಿ ಆಡುವುದಿಲ್ಲ.

ಹೊಸ ಪೊರೆ ಮೆತ್ತಗಿರುತ್ತದೆ. ವಯಸ್ಸಾದಂತೆ ಗಟ್ಟಿಯಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಬೇಗ ಹಾಳಾಗುತ್ತದೆ. ಮುಟ್ಟಿದಾಗ ಪ್ಲಾಸ್ಟಿಕ್ ಹಾಳೆಯ ಹಾಗೆ ಚರಚರ ಅಂದರೆ ಸುಮ್ನೆ ಬದಲಾಯಿಸಿಬಿಡಿ. ರಿಪೇರಿ ಕಿಟ್ ಸಿಗುತ್ತದೆ. ಬಿಚ್ಚುವಾಗ ಒಂದೊಂದು ಹಂತಕ್ಕೂ ಫೋಟೋ ತೆಗೆದುಕೊಳ್ಳಿ. ಪೊರೆ ಮತ್ತು ಗ್ಯಾಸ್ಕೆಟ್ ಜೋಡಿಸುವ ಕ್ರಮ ಎರಡೂ ಬದಿಯಲ್ಲಿ ಒಂದೇ ಇರುವುದಿಲ್ಲ.

ಹಾಗೇ ಕಾರ್ಬೊರೇಟರನ್ನು ಹಿಡಿದು ಅಲ್ಲಾಡಿಸಿ. ನಡುಕಕ್ಕೆ ಬೋಲ್ಟ್ ಸಡಿಲವಾಗಿ ಅದರ ಬುಡದಲ್ಲಿ ಗಾಳಿ ಎಳೆಯುವುದು ತುಂಬಾ ಕಡೆ ಕಾಣುವ ತೊಂದರೆ.

ಈಗ ಕಷ್ಟದ ಒಂದು. ಇಂಜಿನ್ ಐದಾರು ನಿಮಿಷ ಓಡಿ ನಿಲ್ಲುತ್ತದೆ. ತಣ್ಣಗಾದ ಮೇಲೆ ಏನೂ ಆಗೇ ಇಲ್ಲ ಎಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇದಕ್ಕೆ ನಾನು ಮೊದಲು ನೋಡುವುದು ಎರಡು. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಹೋಯಿತಾ? ಹಾಗಾದರೆ ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಪೈಪ್ ಕಟ್ಟಿಕೊಂಡಿದೆ. ಶಬ್ದ ಬರಲಿಲ್ಲ ಅಂದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್‌ಗಳಿವೆ. ಆದ್ದರಿಂದ ಕರೆಂಟ್ ಪರೀಕ್ಷೆಯನ್ನು ಇಂಜಿನ್ ಬಿಸಿ ಇರುವಾಗಲೇ ಮಾಡಿ. ಟ್ಯಾಂಕ್ ಮುಚ್ಚಿ, ಸುತ್ತ ಚೆಲ್ಲಿದ ಪೆಟ್ರೋಲ್ ಇಲ್ಲ ಅಂತ ನೋಡಿಕೊಂಡು, ಬಿಚ್ಚಿದ ಪ್ಲಗ್ಗನ್ನು ಅದರ ತೂತಿನಿಂದ ದೂರ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು, ಇಂಜಿನ್ ತಿರುಗಿಸಿದಾಗ ಕಿಡಿ ಬರುತ್ತದಾ ನೋಡಿ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಯಲ್ಲಿ ತಿರುಗಿಸಿದಾಗ ಇಂಜಿನ್ ಗಟ್ಟಿಯಾಗಿ ಎದುರಿಸಬೇಕು. ಸಡಿಲ ಅನ್ನಿಸಿದರೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ ಮೇಲೆ ಗೀರು ಇದೆಯಾ ನೋಡಿ.

[ದೃಶ್ಯ: ಮತ್ತೆ ನೀಡಲ್‌ಗಳು. ಸಣ್ಣ ಸ್ಕ್ರೂಡ್ರೈವರ್.]

ಇಷ್ಟೆಲ್ಲಾ ಸರಿ ಇದ್ದರೆ ಈಗ ನೀಡಲ್. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ಜಾಸ್ತಿ. ಥ್ರಾಟಲ್ ಕೊಟ್ಟ ಕೂಡಲೇ ತಡವರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಹೊಗೆ ಜಾಸ್ತಿ, ಶಬ್ದ ಗೊರಗೊರ ಅಂದರೆ ಜಾಸ್ತಿಯಾಗಿದೆ. ಹೋವರ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದಿರುವುದಿಲ್ಲ, ಹಾಗಾಗಿ ಅಲ್ಲಿ ಎರಡು ನೀಡಲ್ ಪೈಕಿ ಕಡಿಮೆ ಥ್ರಾಟಲ್ ನೋಡಿಕೊಳ್ಳುವ ಲೋ ನೀಡಲ್ ಪಾತ್ರ ದೊಡ್ಡದು. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು. ಎಲ್ಲಿಂದ ಶುರು ಮಾಡಿದಿರಿ ಅಂತ ಬರೆದಿಟ್ಟುಕೊಳ್ಳಿ. ಅನುಮಾನ ಇದ್ದರೆ ಪೆಟ್ರೋಲ್ ಸ್ವಲ್ಪ ಜಾಸ್ತಿಯ ಕಡೆಗೇ ಇರಲಿ. ಆಯಿಲ್ ಬರುವುದೂ ಆ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಬಿಸಿಯೇರಿ ಕಚ್ಚಿಕೊಳ್ಳುತ್ತದೆ.

ಮತ್ತೆ ಸ್ಟಾರ್ಟ್ ಮಾಡುವಾಗ ಥ್ರಾಟಲ್ ಕೆಳಗಿದೆಯಾ ನೋಡಿ, ಬ್ಲೇಡ್ ಜೋಡಿಸಿರುವ ರೋಟರ್ ಹೆಡ್ಡನ್ನು ಗಟ್ಟಿಯಾಗಿ ಹಿಡಿದಿರಿ. ಥ್ರಾಟಲ್ ತೆರೆದಿದ್ದರೆ ಕ್ಲಚ್ ಕಚ್ಚಿ ಬ್ಲೇಡ್ ತಿರುಗಿಬಿಡುತ್ತದೆ.

[ದೃಶ್ಯ: ಹೆಲಿಕಾಪ್ಟರ್ ಮೇಲೇಳುತ್ತದೆ. ಇಂಜಿನ್ ಶಬ್ದ ಒಂದೇ ಸಮ.]

ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬರುವವರೆಗೂ ಹೀಗೇ ತಗ್ಗಿನಲ್ಲಿ ಹೋವರ್ ಮಾಡಿ. ಬಾಲದ ಮೇಲೆ ಕಣ್ಣಿರಲಿ.