ಮಳೆಗಾಲ ತಡೆದುಕೊಳ್ಳುವ ಕ್ಲೌಡ್

ಕೇಳುಗರಿಗೆ ನಮಸ್ಕಾರ.

ಕ್ಲೌಡ್ ಅಂದಕೂಡಲೇ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ದೊಡ್ಡ ಕಟ್ಟಡ, ತಿಂಗಳು ತಿಂಗಳು ಬರುವ ಬಿಲ್ಲು ಕಣ್ಣ ಮುಂದೆ ಬರುತ್ತವೆ. ಒಳಗಿನ ಕೆಲಸ ನೋಡಿದರೆ ಇಷ್ಟೇ: ಒಂದಷ್ಟು ಕಂಪ್ಯೂಟರುಗಳನ್ನು ಒಟ್ಟು ಮಾಡಿ, ಕೇಳಿದವರಿಗೆ ಕೇಳಿದಷ್ಟು ಪ್ರೊಸೆಸರ್, ಮೆಮೊರಿ, ಡಿಸ್ಕ್ ಹಂಚುವುದು, ಬೇಡ ಅಂದಾಗ ವಾಪಸ್ ಪಡೆಯುವುದು. ಹೀಗೆ ಹಂಚುವ ತಂತ್ರಾಂಶ ಮೂಲಸಂಕೇತದ ಸಮೇತ ಮುಕ್ತವಾಗಿ ಸಿಗುತ್ತದೆ. ಶಿವಮೊಗ್ಗದ ಒಂದು ಕಾಲೇಜಿನ ಲ್ಯಾಬು, ಸಾಗರದ ಒಂದು ಅಡಿಕೆ ಸೊಸೈಟಿ, ತೀರ್ಥಹಳ್ಳಿಯ ಒಂದು ನರ್ಸಿಂಗ್ ಹೋಮು, ಯಾರು ಬೇಕಾದರೂ ಮೂರು ಸರ್ವರ್ ಇಟ್ಟುಕೊಂಡು ತಮ್ಮದೇ ಕ್ಲೌಡ್ ಕಟ್ಟಿಕೊಳ್ಳಬಹುದು. ಆದರೆ ಈ ತಂತ್ರಾಂಶ ಬರೆದವರ ಮನಸ್ಸಿನಲ್ಲಿ ಇದ್ದದ್ದು ಕರೆಂಟು ಹೋಗದ, ಎಸಿ ನಿಲ್ಲದ ಕಟ್ಟಡ. ಅವರು ತುಂಬಿ ಕಳಿಸುವ ಡಿಫಾಲ್ಟ್ ಸೆಟ್ಟಿಂಗುಗಳು ಅಂಥ ಕಟ್ಟಡಕ್ಕೆ ಸರಿ. ಪುನರ್ವಸು ಮಳೆಗೆ ಮರ ಬಿದ್ದು ತಂತಿ ಹರಿಯುವ ಊರಿಗೆ ಅವುಗಳಲ್ಲಿ ಕೆಲವನ್ನು ತಿದ್ದಲೇಬೇಕು. ಮುಕ್ತ ತಂತ್ರಾಂಶವಾದ್ದರಿಂದ ತಿದ್ದಬಹುದು ಕೂಡ.

ಇದರ ಬುಡ ಲಿನಕ್ಸ್ ಕರ್ನೆಲ್ಲಿನಲ್ಲೇ, ಅಂದರೆ ಆ ಆಪರೇಟಿಂಗ್ ಸಿಸ್ಟಮಿನ ತಿರುಳಿನಲ್ಲೇ ಇದೆ. 2007ರ ಫೆಬ್ರವರಿಯಲ್ಲಿ ಬಂದ 2.6.20 ಆವೃತ್ತಿಯಲ್ಲಿ ಕೆವಿಎಂ ಕರ್ನೆಲ್ಲಿನ ಒಳಗೆ ಸೇರಿತು. ಒಂದು ಯಂತ್ರವನ್ನು ಹತ್ತು ವರ್ಚುವಲ್ ಯಂತ್ರ ಮಾಡುವ ಕೆಲಸ ಅದರದು. 2010ರ ಜುಲೈಯಲ್ಲಿ ಅಮೆರಿಕದ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿ ತಮ್ಮ ತಮ್ಮ ಕೋಡನ್ನು ಒಟ್ಟಿಗೆ ಸೇರಿಸಿ, ಕ್ಲೌಡ್ ಕಟ್ಟುವ ತಂತ್ರಾಂಶ ಓಪನ್‌ಸ್ಟ್ಯಾಕ್ ಶುರುಮಾಡಿದವು. ವರ್ಚುವಲ್ ಯಂತ್ರ ನಡೆಸುವ ನೋವಾ ನಾಸಾದಿಂದ ಬಂತು, ಕಡತ ಇಡುವ ಸ್ವಿಫ್ಟ್ ರ‍್ಯಾಕ್‌ಸ್ಪೇಸಿನಿಂದ. ಅದೇ ಅಕ್ಟೋಬರಿನಲ್ಲಿ ಆಸ್ಟಿನ್ ಎಂಬ ಹೆಸರಿನ ಮೊದಲ ಆವೃತ್ತಿ. ಮೊದಲ ಕೆಲವು ಬೇಗ ಬಂದವು, ಆಮೇಲೆ ಆರು ತಿಂಗಳಿಗೊಂದು ಆವೃತ್ತಿ, ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. 2013ರಿಂದ ಜಿನೀವಾದ ಸರ್ನ್ ಪ್ರಯೋಗಾಲಯವೂ ಇದರ ಮೇಲೆಯೇ ತನ್ನ ಕ್ಲೌಡ್ ನಡೆಸುತ್ತಿದೆ.

ಓಪನ್‌ಸ್ಟ್ಯಾಕ್ ಒಂದೇ ತಂತ್ರಾಂಶವಲ್ಲ, ಒಂದು ಕಚೇರಿಯಲ್ಲಿ ಟೇಬಲ್ಲಿಗೊಬ್ಬ ಗುಮಾಸ್ತ ಇದ್ದ ಹಾಗೆ. ಬಂದವರು ಯಾರು ಎಂದು ನೋಡುವುದು ಕೀಸ್ಟೋನ್. ಆಪರೇಟಿಂಗ್ ಸಿಸ್ಟಮಿನ ಪ್ರತಿ ಕೊಡುವುದು ಗ್ಲಾನ್ಸ್, ನೆಟ್‌ವರ್ಕ್ ಕೊಡುವುದು ನ್ಯೂಟ್ರಾನ್, ಡಿಸ್ಕ್ ಕೊಡುವುದು ಸಿಂಡರ್. ಎಲ್ಲರೂ ಒಂದು ಡೇಟಾಬೇಸನ್ನೂ ಒಂದು ಸಂದೇಶದ ಸಾಲನ್ನೂ ನಂಬಿ ಕೆಲಸ ಮಾಡುತ್ತಾರೆ. ಮೂರು ಸರ್ವರಿನವರಿಗೆ ಇಷ್ಟೆಲ್ಲ ಹೆಚ್ಚಾಯಿತು ಅನ್ನಿಸಬಹುದು. ಹೆಚ್ಚೇ. ಲೆಕ್ಕದ ತಂತ್ರಾಂಶ, ಕಡತ, ಬ್ಯಾಕಪ್ ಇಷ್ಟೇ ಇರುವ ಸೊಸೈಟಿಗೆ ವರ್ಚುವಲ್ ಯಂತ್ರ ನಡೆಸುವ ಸರಳ ತಂತ್ರಾಂಶ ಪ್ರಾಕ್ಸ್‌ಮಾಕ್ಸ್ ಸಾಕು, ಅದೂ ಮುಕ್ತವೇ. ಹಲವು ವಿಭಾಗ, ನೂರಾರು ವಿದ್ಯಾರ್ಥಿ, ಪ್ರತಿಯೊಬ್ಬರಿಗೂ ಕೋಟಾ ಅಂತ ಆದಾಗ ಓಪನ್‌ಸ್ಟ್ಯಾಕ್ ತನ್ನ ಭಾರಕ್ಕೆ ತಕ್ಕ ಕೆಲಸ ಕೊಡುತ್ತದೆ. ಅದನ್ನು ಕೈಯಲ್ಲಿ ಒಂದೊಂದಾಗಿ ಕೂರಿಸಲು ಹೋಗಬೇಡಿ. ಕೊಲ್ಲಾ ಆನ್ಸಿಬಲ್ ಎಂಬ ಯೋಜನೆ ಎಲ್ಲವನ್ನೂ ಕಂಟೇನರು ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಇಳಿಸಿಕೊಡುತ್ತದೆ. ಕಲಿಯಲು ಒಂದೇ ಯಂತ್ರ ಸಾಕು: 8 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್, ಎರಡು ನೆಟ್‌ವರ್ಕ್ ಪೋರ್ಟ್ ಕನಿಷ್ಠ.

ನಿಜವಾದ ಕೆಲಸಕ್ಕೆ ಮೂರು ಯಂತ್ರ ಬೇಕು. ಎರಡು ಯಾಕಾಗದು? ಹೊಳೆಯ ಎರಡು ದಡದಲ್ಲಿ ಒಂದೇ ಅಂಗಡಿಯ ಎರಡು ಶಾಖೆ ಇವೆ ಅನ್ನಿ. ಮಳೆಗೆ ದೋಣಿ ನಿಂತಿತು, ಫೋನೂ ಸತ್ತಿತು. ಆಚೆಯವರು ಮುಳುಗಿದರೋ ಅಥವಾ ದಾರಿ ಮಾತ್ರ ಮುಚ್ಚಿದೆಯೋ, ಈಚೆಯವರಿಗೆ ತಿಳಿಯುವುದಿಲ್ಲ. ಇಬ್ಬರೂ ತಾನೇ ಯಜಮಾನ ಅಂದುಕೊಂಡು ಖಾತೆ ಬರೆಯುತ್ತಾ ಹೋದರೆ ದೋಣಿ ಮತ್ತೆ ಹೊರಟ ದಿನ ಎರಡು ಖಾತೆ ತಾಳೆಯಾಗುವುದಿಲ್ಲ. ಮೂವರಿದ್ದರೆ ಇಬ್ಬರು ಒಟ್ಟಿಗೆ ಇರುವ ಕಡೆ ಬಹುಮತ. ಒಂಟಿಯಾದವನು ಪೆನ್ನು ಕೆಳಗಿಡುತ್ತಾನೆ. ಇದಕ್ಕೇ ಕೋರಂ ಅನ್ನುವುದು. ನಾಲ್ಕು ಯಂತ್ರ ಹಾಕಿದರೂ ಒಂದು ಹೋದರೆ ಮಾತ್ರ ತಡೆಯುತ್ತದೆ, ಎರಡು ಹೋದರೆ ತಡೆಯಲು ಐದು ಬೇಕು. ಎರಡೇ ಸರ್ವರಿಗೆ ದುಡ್ಡಿದ್ದರೆ ಪ್ರಾಕ್ಸ್‌ಮಾಕ್ಸಿನಲ್ಲಿ ಕ್ಯೂಡಿವೈಸ್ ಎಂಬ ವ್ಯವಸ್ಥೆ ಇದೆ: ರಾಸ್ಪ್‌ಬೆರಿ ಪೈ ತರಹದ ಪುಟ್ಟ ಯಂತ್ರವೊಂದು ಮೂರನೆಯ ಮತ ಹಾಕಲು ಮಾತ್ರ ಕೂರುತ್ತದೆ.

ಈಗ ಡಿಸ್ಕು. ಸೆಫ್ ಎಂಬ ತಂತ್ರಾಂಶ ಮೂರೂ ಯಂತ್ರದ ಡಿಸ್ಕುಗಳನ್ನು ಒಂದೇ ಕಣಜ ಮಾಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಅವರ ಪಿಎಚ್‌.ಡಿ. ಕೆಲಸವಾಗಿ ಹುಟ್ಟಿದ್ದು ಅದು. ಪ್ರತಿ ದತ್ತಾಂಶಕ್ಕೂ ಮೂರು ಪ್ರತಿ. ಯಂತ್ರಕ್ಕೆ 2 ಟಿಬಿಯಂತೆ 6 ಟಿಬಿ ಕೊಂಡರೆ ಕೈಗೆ ಸಿಗುವುದು 2 ಟಿಬಿ. ಡಿಸ್ಕು ಶೇ 85 ತುಂಬಿದರೆ ಸೆಫ್ ಎಚ್ಚರಿಸುತ್ತದೆ, ಶೇ 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ 1.7 ಟಿಬಿ ಅಂತ ಲೆಕ್ಕ ಹಿಡಿಯಿರಿ. ಡಿಸ್ಕಿಗೆ 4 ಜಿಬಿ ಮೆಮೊರಿ ಬೇರೆ ಎತ್ತಿಡಿ.

ಕೊಳ್ಳುವಾಗ ಆಗುವ ದೊಡ್ಡ ತಪ್ಪು ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಹಾಕುವುದು. ಸೆಫ್ ಪ್ರತಿ ಬರಹಕ್ಕೂ ಡಿಸ್ಕಿನಿಂದ ‘ಬರೆದಾಯ್ತು’ ಎಂಬ ಖಾತ್ರಿ ಕೇಳುತ್ತದೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಯ ಒಳಗೆ ಪುಟ್ಟ ಕೆಪ್ಯಾಸಿಟರುಗಳಿರುತ್ತವೆ. ಕರೆಂಟು ಹೋದ ಮೇಲೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿರುತ್ತದೆ. ಅದಕ್ಕೇ ಅದು ಕೂಡಲೇ ಖಾತ್ರಿ ಕೊಡುತ್ತದೆ. ಅಗ್ಗದ್ದರಲ್ಲಿ ಅವು ಇಲ್ಲ. ಹಾಗಾಗಿ ಪ್ರತಿ ಸಲ ನಿಧಾನ, ಇಡೀ ಕ್ಲೌಡ್ ಎತ್ತಿನಗಾಡಿ. ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೇಡ್ ಕಾರ್ಡ್ ಇದ್ದರೆ ಅದರ ರೇಡ್ ತೆಗೆದು ಡಿಸ್ಕುಗಳನ್ನು ನೇರವಾಗಿ ಸೆಫ್‌ಗೆ ಒಪ್ಪಿಸಿ.

ಎಲ್ಲ ಕೂರಿಸಿದ ಮೇಲೆ ಬಹಳ ಜನರನ್ನು ಕಾಡುವ ಒಂದು ಕಾಯಿಲೆ ಇದೆ. ವರ್ಚುವಲ್ ಯಂತ್ರಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ, ಹೋಗುತ್ತದೆ. ಲಾಗಿನ್ ಆಗಲು ಹೊರಟರೆ ಅರ್ಧಕ್ಕೆ ನಿಲ್ಲುತ್ತದೆ. ವೆಬ್ ಪುಟ ತೆರೆಯುತ್ತದೆ, ಚಿತ್ರ ಬರುವುದಿಲ್ಲ. ಎಲ್ಲರೂ ಫೈರ್‌ವಾಲನ್ನು ಬೈಯುತ್ತಾರೆ. ಕಾರಣ ಬೇರೆ. ಸಾಮಾನ್ಯ ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್. ಓಪನ್‌ಸ್ಟ್ಯಾಕ್ ವರ್ಚುವಲ್ ಯಂತ್ರದ ಪ್ಯಾಕೆಟ್ಟನ್ನು ವಿಎಕ್ಸ್‌ಲ್ಯಾನ್ ಎಂಬ ಲಕೋಟೆಯೊಳಗೆ ಹಾಕಿ ಕಳಿಸುತ್ತದೆ. ಲಕೋಟೆಯ ತೂಕ: ಹೊರಗಿನ ಐಪಿ ತಲೆಬರಹ 20, ಯುಡಿಪಿ 8, ವಿಎಕ್ಸ್‌ಲ್ಯಾನ್ 8, ಒಳಗಿನ ಈಥರ್ನೆಟ್ 14, ಒಟ್ಟು 50 ಬೈಟ್. ಒಳಗಿನವನು 1500 ತುಂಬಿ ಕಳಿಸಿದರೆ ಹೊರಗೆ 1550. ಸ್ವಿಚ್ ಅದನ್ನು ಸದ್ದಿಲ್ಲದೆ ಎಸೆಯುತ್ತದೆ. ಪಿಂಗ್ ಚಿಕ್ಕದು, ಅದಕ್ಕೇ ಅದು ದಾಟುತ್ತದೆ.

ಪರೀಕ್ಷೆ ಸುಲಭ. ವರ್ಚುವಲ್ ಯಂತ್ರದಿಂದ, ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆ ಕೊಟ್ಟು, 1422 ಬೈಟಿನ ಪಿಂಗ್ ಕಳಿಸಿ, ಆಮೇಲೆ 1472ರದ್ದು. ಮೊದಲನೆಯದು ಹೋಗಿ ಎರಡನೆಯದು ಉತ್ತರವಿಲ್ಲದೆ ಕಳೆದುಹೋದರೆ ಕಾಯಿಲೆ ಇದೇ. ಮದ್ದು ಎರಡು: ವರ್ಚುವಲ್ ಯಂತ್ರದ ಎಂಟಿಯು, ಅಂದರೆ ಪ್ಯಾಕೆಟ್ಟಿನ ಮಿತಿ, 1450ಕ್ಕೆ ಇಳಿಸಿ, ಇಲ್ಲವೇ ಸರ್ವರುಗಳ ನಡುವಿನ ಸ್ವಿಚ್ಚು ಮತ್ತು ಪೋರ್ಟುಗಳ ಮಿತಿಯನ್ನು 9000ಕ್ಕೆ ಏರಿಸಿ. ಏರಿಸುವುದಾದರೆ ದಾರಿಯ ಪ್ರತಿ ಪೋರ್ಟಿನಲ್ಲೂ ಏರಿಸಿ. ಒಂದು ಉಳಿದರೂ ಕಾಯಿಲೆ ಅಲ್ಲೇ ಅಡಗಿರುತ್ತದೆ.

ಇನ್ನು ಕರೆಂಟು. ಮೂರು ಸರ್ವರು, ಒಂದು ಸ್ವಿಚ್ಚು ಸೇರಿ 500 ವ್ಯಾಟ್ ಎಳೆಯುತ್ತವೆ ಅಂದುಕೊಳ್ಳಿ. 12 ವೋಲ್ಟಿನ, 42 ಆಂಪಿಯರ್-ಗಂಟೆಯ ಮೂರು ಬ್ಯಾಟರಿ ಅಂದರೆ ಕಾಗದದ ಮೇಲೆ 1512 ವ್ಯಾಟ್-ಗಂಟೆ, ಮೂರು ಗಂಟೆ. ಹಳೆಯ ಬ್ಯಾಟರಿಗೆ ಅದರ ಅರ್ಧ ಮಾತ್ರ ನಂಬಿ. ಸರ್ವರುಗಳಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕುವವರಿದ್ದಾರೆ. ಕರೆಂಟು ಹೋದ ಕ್ಷಣ ಸರ್ವರುಗಳು ಬದುಕಿದ್ದರೂ ಒಂದಕ್ಕೊಂದು ಕಾಣುವುದಿಲ್ಲ, ಕೋರಂ ಮುರಿಯುತ್ತದೆ. ಸ್ವಿಚ್ಚೂ ಯುಪಿಎಸ್ ಮೇಲೇ ಇರಲಿ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ, ಫೈಬರ್ ಎಳೆಯಿರಿ. ಏಪ್ರಿಲ್-ಮೇ ತಿಂಗಳ ಸಿಡಿಲು ತಾಮ್ರದ ದಾರಿ ಹಿಡಿದು ಒಳಗೆ ಬರುತ್ತದೆ, ಗಾಜು ಅದನ್ನು ಒಯ್ಯುವುದಿಲ್ಲ.

ಬ್ಯಾಟರಿ ಇಳಿಯುತ್ತಿದೆ ಎಂದು ತಿಳಿದು ತಾನಾಗಿ ಆರಿಸಲು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಕ್ರಮ ಮುಖ್ಯ: ಮೊದಲು ವರ್ಚುವಲ್ ಯಂತ್ರಗಳು, ಆಮೇಲೆ ಸೆಫ್‌ಗೆ ‘ನೋಔಟ್’ ಎಂಬ ಗುರುತು, ಕೊನೆಗೆ ಸರ್ವರುಗಳು. ಆ ಗುರುತು ಇಲ್ಲದಿದ್ದರೆ ಹತ್ತು ನಿಮಿಷ ಕಾಣದ ಡಿಸ್ಕನ್ನು ಸತ್ತಿತೆಂದು ಬರೆದು, ಜಾಗವಿದ್ದಲ್ಲಿಗೆ ಅದರ ಪ್ರತಿಗಳನ್ನು ಕಟ್ಟಲು ಸೆಫ್ ಹೊರಡುತ್ತದೆ. ಡಿಸ್ಕು ವಾಪಸ್ ಬಂದಾಗ ಮತ್ತೆ ಎಲ್ಲ ತಿರುಗಾಟ.

ಮೂರೂ ಒಟ್ಟಿಗೆ ಧಡಕ್ಕನೆ ಆರಿದರೆ ಎರಡು ತೊಡಕು ಕಾದಿರುತ್ತವೆ. ಮೊದಲನೆಯದು ಗಡಿಯಾರ. ಹಳೆಯ ಸರ್ವರಿನ ಬೋರ್ಡಿನಲ್ಲಿರುವ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಅದು ಯಾವುದೋ ಹಳೆಯ ವರ್ಷದಲ್ಲಿ ಎಚ್ಚರಾಗುತ್ತದೆ. ಸೆಫ್‌ನ ಲೆಕ್ಕ ಇಡುವ ಮಾನಿಟರ್ ಎಂಬ ಪ್ರೋಗ್ರಾಮುಗಳ ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ವ್ಯತ್ಯಾಸ ಬಂದರೂ ಎಚ್ಚರಿಕೆ ಬರುತ್ತದೆ. ವರ್ಷಗಟ್ಟಲೆ ಅಂದರೆ ಕೋರಂ ಕೂಡುವುದೇ ಇಲ್ಲ, ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಅನ್ನುತ್ತವೆ. ಸಮಯವನ್ನು ಅಂತರ್ಜಾಲದಿಂದ ತರೋಣ ಅಂದರೆ ಅದೇ ಮರ ಫೈಬರನ್ನೂ ಕೆಡವಿರುತ್ತದೆ. ಅದಕ್ಕೆ ಸಮಯ ಹೊಂದಿಸುವ ಕ್ರೋನಿ ತಂತ್ರಾಂಶದಲ್ಲಿ ಒಂದು ಯಂತ್ರವನ್ನು ‘ಲೋಕಲ್ ಸ್ಟ್ರಾಟಮ್ 10’ ಎಂದು ಗುರುತಿಸಿ. ಹೊರಗಿನ ಸಮಯ ಸಿಗದಿದ್ದಾಗ ಉಳಿದವು ಅದನ್ನೇ ಹಿಂಬಾಲಿಸುತ್ತವೆ. ಬಿಲ್ಲೆ ಬ್ಯಾಟರಿಗಳನ್ನು ಈಗಲೇ ಬದಲಿಸಿ.

ಎರಡನೆಯದು ಡೇಟಾಬೇಸ್. ಓಪನ್‌ಸ್ಟ್ಯಾಕಿನ ಮೂರು ಮಾರಿಯಾಡಿಬಿ ಡೇಟಾಬೇಸುಗಳು ಗಲೇರಾ ಎಂಬ ಗುಂಪಿನಲ್ಲಿರುತ್ತವೆ. ಮೂರೂ ಒಟ್ಟಿಗೆ ಬಿದ್ದರೆ ಯಾವುದರ ಖಾತೆ ಕೊನೆಯವರೆಗೆ ಬರೆದದ್ದು ಎಂದು ಯಾವುದಕ್ಕೂ ತಿಳಿಯದು. ಮೂರೂ ‘ನೀನು ಮೊದಲು’ ಅಂತ ಕೂರುತ್ತವೆ. ಇದು ಕೆಟ್ಟದ್ದಲ್ಲ, ಜಾಗ್ರತೆ. ಇಲ್ಲಿ ಅವಸರಪಟ್ಟು ಸಿಕ್ಕಿದ ಒಂದನ್ನು ಮೊದಲು ಎಬ್ಬಿಸಿದರೆ, ಹಿಂದೆ ಬಿದ್ದಿದ್ದ ಖಾತೆಯೇ ಮೂರಕ್ಕೂ ನಕಲಾಗುತ್ತದೆ. ಯಾರ ಕ್ರಮಸಂಖ್ಯೆ ಅತಿ ದೊಡ್ಡದೋ ಅದನ್ನು ಹುಡುಕಿ ಮೊದಲು ಎಬ್ಬಿಸಬೇಕು. ಕೊಲ್ಲಾ ಆನ್ಸಿಬಲ್‌ನಲ್ಲಿ ಇದಕ್ಕೆಂದೇ ಮಾರಿಯಾಡಿಬಿ ರಿಕವರಿ ಎಂಬ ಆಜ್ಞೆ ಇದೆ. ಅದನ್ನು ಕಾಗದದಲ್ಲಿ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿ, ಯಾಕೆಂದರೆ ಅವತ್ತು ನಿಮ್ಮ ಟಿಪ್ಪಣಿಗಳೂ ಅದೇ ಕ್ಲೌಡಿನೊಳಗೆ ಸಿಕ್ಕಿಕೊಂಡಿರುತ್ತವೆ.

ಇಂಥ ಆಜ್ಞೆಗಳು ತಂತ್ರಾಂಶದೊಳಗೆ ಸೇರುವ ದಾರಿ ಯಾರಿಗೂ ಮುಚ್ಚಿಲ್ಲ. ಓಪನ್‌ಸ್ಟ್ಯಾಕಿನಲ್ಲಿ ಯಾರೇ ತಿದ್ದುಪಡಿ ಕಳಿಸಿದರೂ ಅದು ಗೆರಿಟ್ ಎಂಬ ಪರಿಶೀಲನೆಯ ಮೇಜಿಗೆ ಬರುತ್ತದೆ. ಜೂಲ್ ಎಂಬ ವ್ಯವಸ್ಥೆ ತಾನಾಗಿ ಪರೀಕ್ಷೆ ಓಡಿಸುತ್ತದೆ. ವಾಡಿಕೆಯಂತೆ ಇಬ್ಬರು ಹಿರಿಯ ಪರಿಶೀಲಕರು ಪ್ಲಸ್ ಎರಡು ಎಂಬ ಒಪ್ಪಿಗೆ ಕೊಟ್ಟ ಮೇಲೆ, ಸಾಲಿನಲ್ಲಿ ಮುಂದಿರುವ ತಿದ್ದುಪಡಿಗಳ ಜೊತೆ ಸೇರಿಸಿ ಇನ್ನೊಮ್ಮೆ ಪರೀಕ್ಷೆ ನಡೆದು, ಪಾಸಾದರೆ ಮಾತ್ರ ಒಳಗೆ. ಶಿವಮೊಗ್ಗದ ವಿದ್ಯಾರ್ಥಿಯ ಎರಡು ಸಾಲಿಗೂ ದೊಡ್ಡ ಕಂಪನಿಯ ಎರಡು ಸಾವಿರ ಸಾಲಿಗೂ ಇದೇ ಸರದಿ. ಚಿಕ್ಕದು ಬೇಗ ಪಾಸಾಗುತ್ತದೆ, ಅದು ಚಿಕ್ಕವರಿಗೆ ಅನುಕೂಲ.

ತಂತ್ರಾಂಶ ಆಯ್ಕೆ ಮಾಡುವಾಗ ಪರವಾನಗಿ ಯಾರ ಕೈಯಲ್ಲಿದೆ ಎಂದೂ ನೋಡಿ. ಕ್ಲೌಡಿನ ವ್ಯವಸ್ಥೆಯನ್ನು ಕೋಡಿನಲ್ಲಿ ಬರೆದು ಕಟ್ಟಿಸುವ ಟೆರಾಫಾರ್ಮ್ ತಂತ್ರಾಂಶದ ಪರವಾನಗಿಯನ್ನು ಅದರ ಒಡೆಯ ಕಂಪನಿ 2023ರ ಆಗಸ್ಟಿನಲ್ಲಿ ಬಿಗಿ ಮಾಡಿತು. ಮುಂದಿನ ತಿಂಗಳೇ ಹಳೆಯ ಮುಕ್ತ ಕೋಡಿನಿಂದ ಕವಲೊಡೆದ ಓಪನ್‌ಟೋಫು ಲಿನಕ್ಸ್ ಫೌಂಡೇಶನ್ನಿನ ನೆರಳಿಗೆ ಬಂತು. ಆವೃತ್ತಿಯ ವಿಷಯಕ್ಕೆ ಬಂದರೆ, ಓಪನ್‌ಸ್ಟ್ಯಾಕಿನಲ್ಲಿ 2023.1ರಿಂದ, ಅಂದರೆ 2023ರ ಮೊದಲ ಆವೃತ್ತಿಯಿಂದ, ಒಂದು ಬಿಟ್ಟು ಒಂದು ಆವೃತ್ತಿಗೆ ನೇರ ಜಿಗಿಯಬಹುದು. ಸಣ್ಣವರು ಆ ‘.1’ ಆವೃತ್ತಿಗಳನ್ನು ಮಾತ್ರ ಹಿಡಿದರೆ ವರ್ಷಕ್ಕೆ ಒಂದೇ ಸಲ ಏರಿಸಿದರೆ ಸಾಕು.

ಮೇ ತಿಂಗಳ ಒಂದು ಭಾನುವಾರ, ಬ್ಯಾಕಪ್ ತೆಗೆದು ಅದು ತೆರೆಯುತ್ತದೆಯೇ ಎಂದು ನೋಡಿ, ಇಂಟರ್ನೆಟ್ ತಂತಿ ಕಿತ್ತು, ಯುಪಿಎಸ್ಸಿಗೆ ಕರೆಂಟು ಕೊಡುವ ಮೇನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ಎಷ್ಟು ನಿಮಿಷ ಬಂತು, ಯಾವುದು ಮೊದಲು ಆರಿತು, ಮತ್ತೆ ಕರೆಂಟು ಕೊಟ್ಟಾಗ ಯಾವುದು ಏಳಲಿಲ್ಲ, ಗಡಿಯಾರ ಹಿಡಿದು ಬರೆದುಕೊಳ್ಳಿ. ಏಳದೆ ಉಳಿದದ್ದನ್ನು ಸರಿಮಾಡಿ, ಮುಂದಿನ ಭಾನುವಾರ ಇನ್ನೊಮ್ಮೆ ಆರಿಸಿ. ಮಳೆ ಹಿಡಿಯುವುದರೊಳಗೆ ಎರಡು ಮೂರು ಭಾನುವಾರ ಸಿಗುತ್ತವೆ.

ನಮಸ್ಕಾರ.